ಎರಡು ವರ್ಷದ ವೀಸಾ, ಒಂದು ಪುಟ್ಟ ಕಂಪನಿ: ಬ್ರಿಟನ್ನಿಗೆ ಹೊರಟ ಮೈಸೂರು–ಮಂಡ್ಯದ ಯುವಜನರಿಗೆ ಸಮಗ್ರ ಮಾರ್ಗದರ್ಶಿ

ಸರಸ್ವತಿಪುರಂನಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ನನ್ನ ಬಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಹೊತ್ತು ಬರುವವರು ಹೆಚ್ಚಾಗಿದ್ದಾರೆ. ಗೋಕುಲಂನಲ್ಲಿ ಯೋಗ ಕಲಿಸುವ ಹುಡುಗಿ, ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿ ಬಿಟ್ಟ ಹುಡುಗ, ಮಂಡ್ಯದ ಆಲೆಮನೆ ಮನೆತನದ ಪದವೀಧರ, ಎಲ್ಲರೂ ಕೇಳುವುದು ಒಂದೇ: “ಎರಡು ವರ್ಷದ ವೀಸಾದಲ್ಲಿ ಹೋಗುತ್ತಿದ್ದೇನೆ, ಅಲ್ಲಿ ನನ್ನದೇ ಒಂದು ಕಂಪನಿ ತೆರೆಯಬಹುದೇ?”

ತೆರೆಯಬಹುದು. ಕಾನೂನು ಅದನ್ನು ಬಾಯಿಬಿಟ್ಟು ಹೇಳಿದೆ. ಆದರೆ ಸಾಮಾನ್ಯವಾಗಿ ಎಲ್ಲರೂ ಕಂಪನಿ ತೆರೆಯುವ ದಿನದ ಬಗ್ಗೆ ಯೋಚಿಸುತ್ತಾರೆ. ಈ ವೀಸಾದಲ್ಲಿ ಹೋಗುವವರು ಮುಚ್ಚುವ ದಿನವನ್ನು ಮೊದಲು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಕೆಳಗಿನ ಎಲ್ಲ ಹೆಜ್ಜೆಗಳೂ ಆ ಲೆಕ್ಕದ ಮೇಲೆಯೇ ನಿಂತಿವೆ.

ಯಾವ ವೀಸಾ?

ದುಡಿಯುತ್ತಾ ದೇಶ ನೋಡುವ ‘ವರ್ಕಿಂಗ್ ಹಾಲಿಡೇ’ ವೀಸಾಗಳು ಹಲವು ದೇಶಗಳಲ್ಲಿವೆ, ಆದರೆ ಭಾರತೀಯರಿಗೆ ತೆರೆದ ಬಾಗಿಲುಗಳು ಕಡಿಮೆ. ಮುಖ್ಯವಾಗಿ ಎರಡು. ಒಂದು ಆಸ್ಟ್ರೇಲಿಯಾದ 462ನೇ ಉಪವರ್ಗದ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾ. 2022ರ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ಫಲವಾಗಿ ವರ್ಷಕ್ಕೆ 1,000 ಭಾರತೀಯರಿಗೆ ಸಿಗುತ್ತದೆ. ಮೊದಲ ಬ್ಯಾಲೆಟ್, ಅಂದರೆ ಅರ್ಜಿದಾರರನ್ನು ಆರಿಸುವ ಚೀಟಿ ಎತ್ತುವಿಕೆ, 2024ರ ಅಕ್ಟೋಬರ್‌ನಲ್ಲಿ ನಡೆಯಿತು. ಅವಧಿ 12 ತಿಂಗಳು. ಒಬ್ಬರೇ ಮಾಲೀಕರ ಬಳಿ 6 ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಅಲ್ಲಿ ಖಾಸಗಿ ಕಂಪನಿ ನೋಂದಾಯಿಸಲು ಆಸ್ಟ್ರೇಲಿಯಾದಲ್ಲೇ ವಾಸವಿರುವ ಒಬ್ಬ ನಿರ್ದೇಶಕರಾದರೂ ಬೇಕು. ಹನ್ನೆರಡು ತಿಂಗಳಲ್ಲಿ ನೆಲೆ ಹುಡುಕಿ, ಗಿರಾಕಿ ಹುಡುಕಿ, ಕಂಪನಿ ಕಟ್ಟಿ, ಮುಚ್ಚಿ ಬರುವುದು ನನ್ನ ದೃಷ್ಟಿಯಲ್ಲಿ ಬಿಸಾಡಿದ ದುಡ್ಡು. ಅಲ್ಲಿಗೆ ಹೋಗುವವರು ದುಡಿದು, ಊರು ನೋಡಿ ಬನ್ನಿ.

ಇನ್ನೊಂದು ಬ್ರಿಟನ್ನಿನ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್’. 2023ರ ಫೆಬ್ರುವರಿಯಲ್ಲಿ ಮೊದಲ ಬ್ಯಾಲೆಟ್ ನಡೆಯಿತು. ವರ್ಷಕ್ಕೆ 3,000 ಜಾಗ, 24 ತಿಂಗಳ ಅವಧಿ, ಪ್ರಾಯೋಜಕರು ಬೇಡ, ಕೆಲಸದ ಪತ್ರ ಬೇಡ. ಸ್ವಂತ ಉದ್ಯೋಗ ಮಾಡಬಹುದು, ಕಂಪನಿಯನ್ನೂ ತೆರೆಯಬಹುದು. ಹಾಗಾಗಿ ಮುಂದಿನ ಮಾತೆಲ್ಲ ಇದರ ಬಗ್ಗೆಯೇ.

ಚೀಟಿ ಎತ್ತುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸ

ಅರ್ಹತೆ ಸರಳ. ವಯಸ್ಸು 18ರಿಂದ 30, ಕನಿಷ್ಠ ಪದವಿ, ನಿಮ್ಮ ಖಾತೆಯಲ್ಲಿ 2,530 ಪೌಂಡ್, ಅಂದರೆ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿ. ನಿಮ್ಮ ಜೊತೆ ವಾಸಿಸುವ ಅಥವಾ ನೀವು ಸಾಕಬೇಕಾದ 18ರೊಳಗಿನ ಮಕ್ಕಳಿರಬಾರದು. ಈ ಯೋಜನೆ ಜೀವನದಲ್ಲಿ ಒಂದೇ ಸಲ. ಅರ್ಜಿ ಹಾಕುವಾಗ 30 ಇದ್ದು, ಅಲ್ಲಿಗೆ ಹೋದ ಮೇಲೆ 31 ತುಂಬಿದರೆ ತೊಂದರೆಯಿಲ್ಲ, ವೀಸಾ ಮುಗಿಯುವವರೆಗೂ ಇರಬಹುದು.

ಬ್ಯಾಲೆಟ್ ಸಾಮಾನ್ಯವಾಗಿ ಫೆಬ್ರುವರಿ ಮತ್ತು ಜುಲೈನಲ್ಲಿ, ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಎರಡು ದಿನ ಮಾತ್ರ ತೆರೆದಿರುತ್ತದೆ. ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ವಿವರ, ಪಾಸ್‌ಪೋರ್ಟಿನ ಫೋಟೋ, ಫೋನ್, ಇಮೇಲ್, ಇಷ್ಟೇ. ಶುಲ್ಕವಿಲ್ಲ. ಗಣಕಯಂತ್ರ ಯಾದೃಚ್ಛಿಕವಾಗಿ ಆರಿಸುತ್ತದೆ, ಫಲಿತಾಂಶ ಎರಡು ವಾರದೊಳಗೆ ಇಮೇಲ್‌ಗೆ ಬರುತ್ತದೆ. ಇಲ್ಲೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ: “ಬ್ಯಾಲೆಟ್ ಗ್ಯಾರಂಟಿ” ಎಂದು ಹಣ ಕೇಳುವ ಏಜೆಂಟ್ ಮೋಸಗಾರ. ಉಚಿತವಾದ, ಯಾರ ಕೈಯೂ ತಾಗದ ಚೀಟಿಗೆ ಗ್ಯಾರಂಟಿ ಕೊಡುವವರು ಯಾರೂ ಇಲ್ಲ. ಸಾಲ ಮಾಡಿ ಅಂಥವರಿಗೆ ದುಡ್ಡು ಕೊಟ್ಟ ಕುಟುಂಬಗಳ ಸಂಕಟವನ್ನು ಹತ್ತಿರದಿಂದ ಕಂಡಿದ್ದೇನೆ.

ಪಾಸ್‌ಪೋರ್ಟ್ ಇಲ್ಲದವರು ಈಗಲೇ ಮಾಡಿಸಿ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೊಂದು 2017ರ ಜನವರಿಯಲ್ಲಿ ಶುರುವಾದದ್ದು ನಮ್ಮ ಮೈಸೂರಿನಲ್ಲೇ, ಬೆಂಗಳೂರಿಗೆ ಓಡಬೇಕಿಲ್ಲ. ಪದವಿ ಮುಗಿದಿದ್ದರೂ ಘಟಿಕೋತ್ಸವ ಪ್ರಮಾಣಪತ್ರ ತೆಗೆದುಕೊಳ್ಳದೆ ಅಂಕಪಟ್ಟಿ ಇಟ್ಟುಕೊಂಡೇ ವರ್ಷಗಟ್ಟಲೆ ಕಳೆದವರು ನಮ್ಮಲ್ಲಿ ತುಂಬಾ ಮಂದಿ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದವರು ಕ್ರಾಫರ್ಡ್ ಭವನದ ಕಡೆಗೆ, ಎಂಜಿನಿಯರಿಂಗ್‌ನವರು ತಂತಮ್ಮ ವಿಶ್ವವಿದ್ಯಾನಿಲಯದ ಕಡೆಗೆ ಮೊದಲು ಹೆಜ್ಜೆ ಹಾಕಿ. ಆ ಕಾಗದ ಕೈಗೆ ಬರುವಷ್ಟರಲ್ಲಿ ವೀಸಾದ ಗಡುವು ಮುಗಿದುಹೋಗಬಾರದು.

ಚೀಟಿ ಬಿದ್ದ ಮೇಲೆ

ಆಹ್ವಾನ ಬಂದ ಮೇಲೆ ಅರ್ಜಿ, ಶುಲ್ಕ, ಬೆರಳಚ್ಚು ಎಲ್ಲ ಮುಗಿಸಲು ಸಾಮಾನ್ಯವಾಗಿ 90 ದಿನ ಸಿಗುತ್ತದೆ. ಅರ್ಜಿ ಶುಲ್ಕ 2025ರ ಏಪ್ರಿಲ್‌ನಲ್ಲಿ 319 ಪೌಂಡ್ ಆಗಿತ್ತು; ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776ರಂತೆ ಎರಡು ವರ್ಷಕ್ಕೆ 1,552. ಈ ದರಗಳು ಆಗಾಗ ಏರುತ್ತವೆ, ಕಟ್ಟುವ ದಿನ ಸರ್ಕಾರದ ಪುಟವನ್ನೇ ನೋಡಿ. ಉಳಿತಾಯದ 2,530 ಪೌಂಡ್ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು, ಆ 28ನೇ ದಿನ ಅರ್ಜಿಗೆ ಹಿಂದಿನ 31 ದಿನಗಳೊಳಗೆ ಬರಬೇಕು. ರೂಪಾಯಿ ಇಳಿದರೆ ಕೊರತೆ ಬೀಳದಂತೆ ಇಪ್ಪತ್ತು ಸಾವಿರ ಹೆಚ್ಚಿಗೆ ಇಡಿ. ಭಾರತದಿಂದ ಹೋಗುವವರಿಗೆ ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರ ಕಡ್ಡಾಯ. ಬ್ರಿಟನ್ ಒಪ್ಪಿದ ಕ್ಲಿನಿಕ್ಕುಗಳು ಬೆಂಗಳೂರಿನಲ್ಲಿವೆ, ವೀಸಾ ಅರ್ಜಿ ಕೇಂದ್ರವೂ ಅಲ್ಲಿದೆ. ಎರಡನ್ನೂ ಹೊಂದಿಸಿಕೊಂಡರೆ ಓಡಾಟ ತಪ್ಪುತ್ತದೆ.

ವ್ಯಾಪಾರವನ್ನು ಆರಿಸುವುದು ನೀವಲ್ಲ, ವೀಸಾ

ಸ್ವಂತ ವ್ಯವಹಾರಕ್ಕೆ ಈ ವೀಸಾ ಮೂರು ಗೆರೆ ಎಳೆದಿದೆ. ಜಾಗ ಬಾಡಿಗೆಯದ್ದಾಗಿರಬೇಕು. ಸಲಕರಣೆಗಳ ಬೆಲೆ 5,000 ಪೌಂಡ್ ಮೀರಬಾರದು. ನೌಕರರು ಯಾರೂ ಇರಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಇಲ್ಲಿ ಬರೀ ಗಾದೆಯಲ್ಲ, ವೀಸಾದ ಷರತ್ತು.

ಈ ಮೂರು ಗೆರೆಯೊಳಗೆ ಸಲೀಸಾಗಿ ಕೂರುವ ಕಸುಬುಗಳಲ್ಲಿ ಮೈಸೂರಿನವರಿಗೆ ಮೊದಲಿನದ್ದು ಯೋಗ. ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಿಂದ ಮೈಸೂರಿನ ಹೆಸರು ಜಗತ್ತಿನ ಯೋಗ ಶಾಲೆಗಳಲ್ಲೆಲ್ಲ ಕೇಳುತ್ತದೆ. ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಯಲ್ಲಿ ಅಭ್ಯಾಸ ಮಾಡುವ ಕ್ರಮಕ್ಕೆ ಅಲ್ಲಿನವರು ‘ಮೈಸೂರ್ ಸ್ಟೈಲ್’ ಎಂದೇ ಹೇಳುತ್ತಾರೆ. ಗೋಕುಲಂನಲ್ಲಿ ಕಲಿತು, ಕಲಿಸಿ ಪಳಗಿದವರಿಗೆ ಅಲ್ಲಿ ಬೇರೆ ಪರಿಚಯ ಪತ್ರ ಬೇಕಿಲ್ಲ. ಚರ್ಚಿನ ಅಥವಾ ಸಮುದಾಯ ಭವನದ ಸಭಾಂಗಣವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು, ಚಾಪೆ, ಇಟ್ಟಿಗೆ, ಪಟ್ಟಿ, ಒಂದು ಲ್ಯಾಪ್‌ಟಾಪ್ ಎಲ್ಲ ಸೇರಿದರೂ 5,000 ಪೌಂಡಿನ ಹತ್ತಿರಕ್ಕೂ ಬರುವುದಿಲ್ಲ. ಸಭಾಂಗಣದವರು ಸಾರ್ವಜನಿಕ ಹೊಣೆಗಾರಿಕೆ ವಿಮೆ ಕೇಳುತ್ತಾರೆ, ಹೋಗುವ ಮೊದಲೇ ದರ ವಿಚಾರಿಸಿ. ತರಗತಿಯಲ್ಲಿ ಧ್ವನಿಮುದ್ರಿತ ಸಂಗೀತ ಹಾಕಿದರೆ ಅದಕ್ಕೆ ಪರವಾನಗಿ ಬೇಕಾಗುತ್ತದೆ. ಮಕ್ಕಳಿಗೆ ಕಲಿಸುವುದಾದರೆ ನಿಮ್ಮ ಹಿನ್ನೆಲೆ ಪರಿಶೀಲನೆಯ ಪ್ರಮಾಣಪತ್ರ ಕೇಳುತ್ತಾರೆ. ಗಿರಾಕಿಗಳ ಹೆಸರು, ಆರೋಗ್ಯದ ವಿವರ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೆ ಮಾಹಿತಿ ಆಯುಕ್ತರ ಕಚೇರಿಗೆ ವರ್ಷಕ್ಕೊಂದು ಸಣ್ಣ ಶುಲ್ಕ ಕಟ್ಟುವ ಬಾಧ್ಯತೆಯೂ ಬರಬಹುದು.

ಸಾಫ್ಟ್‌ವೇರ್, ವಿನ್ಯಾಸ, ಲೆಕ್ಕಪತ್ರ, ಅನುವಾದ, ಮನೆಪಾಠ ಇವೂ ಹಾಗೆಯೇ ಒಬ್ಬರ ಕೈಯಲ್ಲಿ ನಡೆಯುವಂಥವು. ಛಾಯಾಗ್ರಾಹಕರು ಮಾತ್ರ ಎಚ್ಚರದಿಂದಿರಿ: ಒಳ್ಳೆಯ ಎರಡು ಕ್ಯಾಮೆರಾ, ಮೂರು ಲೆನ್ಸ್, ಬೆಳಕಿನ ಸಾಮಾನು ಸೇರಿದರೆ 5,000ದ ಗೆರೆ ಕಾಲಿಗೆ ತಾಗುತ್ತದೆ. ದುಬಾರಿ ಸಾಮಾನನ್ನು ಆಯಾ ದಿನಕ್ಕೆ ಬಾಡಿಗೆಗೆ ತನ್ನಿ.

ಮಂಡ್ಯದವರ ಕನಸು ಬೆಲ್ಲ. ರಾಸಾಯನಿಕವಿಲ್ಲದ ಉಂಡೆ ಬೆಲ್ಲವನ್ನು ಲಂಡನ್ನಿನ ಅಂಗಡಿಗಳಲ್ಲಿ ನೋಡುವ ಆಸೆ ನನಗೂ ಇದೆ, ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು ಸಿಗುವ ದಾರಿ ಅದು. ಆದರೆ ಅದು ನೀವು ಎಣಿಸಿದಷ್ಟು ಹಗುರವಲ್ಲ. ಆಹಾರ ವ್ಯಾಪಾರ ಶುರುಮಾಡುವ 28 ದಿನ ಮೊದಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಅದು ಉಚಿತ, ಆದರೆ ತಪಾಸಣೆ ಬರುತ್ತದೆ. ಪೊಟ್ಟಣದ ಮೇಲೆ ಇಂಗ್ಲಿಷ್ ವಿವರವೂ ಆಮದುದಾರರ ಬ್ರಿಟನ್ ವಿಳಾಸವೂ ಇರಬೇಕು. ಆಮದಿಗೆ ಸುಂಕ ಇಲಾಖೆಯ ಇಒಆರ್‌ಐ ಎಂಬ ಆಮದುದಾರರ ಗುರುತಿನ ಸಂಖ್ಯೆ ಬೇಕು. ಹಡಗಿನಲ್ಲಿ ಸರಕು ತಲುಪಿ, ಉಗ್ರಾಣ ಸೇರಿ, ಅಂಗಡಿಯವರು ಹಣ ಕೊಡುವಷ್ಟರಲ್ಲಿ ನಿಮ್ಮ 24 ತಿಂಗಳಲ್ಲಿ ಅರ್ಧ ಕರಗಿರುತ್ತದೆ. ಮೈಸೂರು ಪಾಕ್ ಮಾರುವ ಯೋಚನೆ ಇದ್ದರೆ ಇನ್ನೂ ಕಷ್ಟ. ಭಾರತದಿಂದ ತುಪ್ಪದಂಥ ಹಾಲಿನ ಪದಾರ್ಥಗಳನ್ನು ಚೀಲದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಮಾಡಿ ಪೊಟ್ಟಣ ಕಟ್ಟಿದರೆ ಹಾಲಿನಂಥ 14 ಅಲರ್ಜಿ ಪದಾರ್ಥಗಳ ನಿಯಮ ಪಾಲಿಸಬೇಕು. ನನ್ನ ಸಲಹೆ: ಬೆಲ್ಲದವರು ಆ ಎರಡು ವರ್ಷ ಅಲ್ಲಿನ ಆಮದುದಾರರ ಬಳಿ ಕೆಲಸಕ್ಕೆ ಸೇರಿ ಮಾರುಕಟ್ಟೆ ಕಲಿಯಿರಿ, ಊರಿಗೆ ಬಂದು ಮಂಡ್ಯದಿಂದ ರಫ್ತು ಶುರುಮಾಡಿ. ಕಂಪನಿ ಇಲ್ಲಿರಲಿ, ಗಿರಾಕಿ ಅಲ್ಲಿರಲಿ.

ಕಂಪನಿಯೋ, ಸೋಲ್ ಟ್ರೇಡರೋ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಬ್ರಿಟನ್ನಿನಲ್ಲಿ ಒಬ್ಬರೇ ವ್ಯಾಪಾರ ಮಾಡಲು ಕಂಪನಿ ಕಡ್ಡಾಯವಲ್ಲ. ನಿಮ್ಮ ಹೆಸರಿನಲ್ಲೇ ಸೋಲ್ ಟ್ರೇಡರ್ ಆಗಿ ದುಡಿಯಬಹುದು. ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಆ ವರ್ಷದ ವ್ಯಾಪಾರದ ಒಟ್ಟು ವರಮಾನ 1,000 ಪೌಂಡ್ ಮೀರಿದರೆ, ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ಸ್ವಯಂ ಘೋಷಣೆಗೆ ನೋಂದಾಯಿಸಬೇಕು, ಜನವರಿ 31ರೊಳಗೆ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು.

ಒಂದು ಲೆಕ್ಕ ನೋಡೋಣ. ಯೋಗ ಕಲಿಸುವ ಹುಡುಗಿ ಹಗಲು ಒಂದು ಕಚೇರಿಯಲ್ಲಿ ಅರೆಕಾಲಿಕ ಕೆಲಸ ಮಾಡಿ ವರ್ಷಕ್ಕೆ 14,000 ಪೌಂಡ್ ಸಂಬಳ ಪಡೆಯುತ್ತಾಳೆ, ಸಂಜೆಯ ತರಗತಿಗಳಿಂದ 6,000 ಬರುತ್ತದೆ, ಸಭಾಂಗಣದ ಬಾಡಿಗೆ, ವಿಮೆ, ಪ್ರಯಾಣಕ್ಕೆ 2,000 ಹೋಗುತ್ತದೆ ಎಂದಿಟ್ಟುಕೊಳ್ಳಿ. ಲಾಭ 4,000. ತೆರಿಗೆ ವಿನಾಯಿತಿಯ ಮಿತಿ 12,570 ಪೌಂಡ್ ಸಂಬಳದಲ್ಲೇ ಮುಗಿದಿದೆ. ಸೋಲ್ ಟ್ರೇಡರ್ ಆದರೆ ಆ 4,000ಕ್ಕೆ ಶೇ 20ರಂತೆ 800 ಪೌಂಡ್ ತೆರಿಗೆ, ಅಲ್ಲಿಗೆ ಮುಗಿಯಿತು. ಕಂಪನಿ ಮಾಡಿದರೆ ಮೊದಲು ಶೇ 19ರ ಕಂಪನಿ ತೆರಿಗೆ 760. ಉಳಿದ 3,240ನ್ನು ಲಾಭಾಂಶವಾಗಿ ಮನೆಗೆ ತಂದರೆ ಮೊದಲ 500ಕ್ಕೆ ಮಾತ್ರ ವಿನಾಯಿತಿ, ಮಿಕ್ಕ 2,740ಕ್ಕೆ ಮತ್ತೆ ತೆರಿಗೆ. ಅದರ ಮೇಲೆ ಕಂಪನಿ ನೋಂದಣಿ ಶುಲ್ಕ, ವಾರ್ಷಿಕ ದೃಢೀಕರಣದ ಶುಲ್ಕ, ಲೆಕ್ಕಿಗರ ಸಂಭಾವನೆ. ಇಷ್ಟು ಸಣ್ಣ ಲಾಭಕ್ಕೆ ಕಂಪನಿ ಎಂಬುದು ಸುಮ್ಮನೆ ತಲೆಬಿಸಿ.

ಹಾಗಾದರೆ ಕಂಪನಿ ಯಾರಿಗೆ? ಕಂಪನಿ ಇದ್ದರೆ ಮಾತ್ರ ಗುತ್ತಿಗೆ ಕೊಡುತ್ತೇವೆ ಎನ್ನುವ ದೊಡ್ಡ ಗಿರಾಕಿ ಸಿಕ್ಕ ಸಾಫ್ಟ್‌ವೇರ್‌ನವರಿಗೆ. ವ್ಯಾಪಾರದ ಸಾಲ, ನಷ್ಟ ತಮ್ಮ ಮೈಮೇಲೆ ಬರಬಾರದು ಎನ್ನುವವರಿಗೆ. ವೀಸಾ ಮುಗಿದ ಮೇಲೂ ಮೈಸೂರಿನಿಂದಲೇ ಅದನ್ನು ನಡೆಸುವ ಯೋಜನೆ ಇರುವವರಿಗೆ. ಮೊದಲ ಕೆಲವು ತಿಂಗಳು ಸೋಲ್ ಟ್ರೇಡರ್ ಆಗಿ ನಡೆಸಿ, ಗಿರಾಕಿಗಳು ನಿಂತ ಮೇಲೆ ಕಂಪನಿಗೆ ಬದಲಾಗಿ. ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ.

ಕಂಪನಿ ನೋಂದಣಿ

ನೋಂದಣಿ ನಡೆಯುವುದು ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ, ಆನ್‌ಲೈನ್‌ನಲ್ಲಿ. ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ. ದಶಕಗಟ್ಟಲೆ ಅಗ್ಗವಾಗಿದ್ದ ಶುಲ್ಕ 2024ರ ಮೇ 1ರಂದು 12ರಿಂದ 50 ಪೌಂಡಿಗೆ ಏರಿತು, ಆಮೇಲೂ ಏರಿಕೆಯ ಹಾದಿಯಲ್ಲೇ ಇದೆ. ಒಬ್ಬರೇ ನಿರ್ದೇಶಕರೂ ಷೇರುದಾರರೂ ಆಗಬಹುದು. ಒಂದು ಪೌಂಡಿನ ಒಂದು ಷೇರು ಸಾಕು.

ಎರಡು ಕಡೆ ಎಡವುವುದುಂಟು. ಮೊದಲನೆಯದು ನೋಂದಾಯಿತ ವಿಳಾಸ. 2024ರ ಮಾರ್ಚ್ 4ರಿಂದ ಅಂಚೆಪೆಟ್ಟಿಗೆ ಸಂಖ್ಯೆ ನಡೆಯುವುದಿಲ್ಲ, ಕಾಗದ ಕಳಿಸಿದರೆ ಕಂಪನಿಯ ಪರವಾಗಿ ಯಾರಾದರೂ ಸ್ವೀಕರಿಸುವ ಜಾಗ ಬೇಕು. ನೀವಿರುವ ಬಾಡಿಗೆ ಕೋಣೆಯ ವಿಳಾಸ ಕೊಟ್ಟರೆ ಅದು ಜಗತ್ತಿಗೆಲ್ಲ ಕಾಣುತ್ತದೆ, ಮನೆ ಮಾಲೀಕರ ಕರಾರಿನಲ್ಲಿ ವ್ಯಾಪಾರ ಕೂಡದು ಎಂದೂ ಇರಬಹುದು. ಕರಾರು ಓದಿ, ಬೇಕಾದರೆ ವಿಳಾಸ ಸೇವೆ ಕೊಡುವವರಲ್ಲಿ ವರ್ಷದ ಬಾಡಿಗೆಗೆ ಪಡೆಯಿರಿ. ಎರಡನೆಯದು ಗುರುತಿನ ಪರಿಶೀಲನೆ. 2025ರ ನವೆಂಬರ್ 18ರಿಂದ ನಿರ್ದೇಶಕರು ತಮ್ಮ ಗುರುತನ್ನು ದೃಢಪಡಿಸುವುದು ಕಡ್ಡಾಯ. ಚಿಪ್ ಇರುವ ಇ–ಪಾಸ್‌ಪೋರ್ಟ್ ಇದ್ದರೆ ಮೊಬೈಲ್ ಆಪ್‌ನಲ್ಲೇ ಸಲೀಸು. ಹಳೆಯ ಪಾಸ್‌ಪೋರ್ಟಿನವರಿಗೆ ತಡವಾದರೆ ಅಧಿಕೃತ ಸೇವಾದಾರರ ಮೂಲಕ ಮಾಡಿಸಬಹುದು.

ನೋಂದಣಿಯಾದ ಮೇಲೆ ವ್ಯಾಪಾರ ಶುರುವಾದ 3 ತಿಂಗಳೊಳಗೆ ಕಂಪನಿ ತೆರಿಗೆಗೆ ನೋಂದಾಯಿಸಬೇಕು. ವರ್ಷಕ್ಕೊಮ್ಮೆ, ಕಂಪನಿಯ ವಿವರಗಳು ಸರಿಯಿವೆ ಎಂದು ತಿಳಿಸುವ ದೃಢೀಕರಣ ಹೇಳಿಕೆ. ಮೊದಲ ಲೆಕ್ಕಪತ್ರ ನೋಂದಣಿಯಾದ 21 ತಿಂಗಳೊಳಗೆ. ವ್ಯಾಪಾರವೇ ನಡೆಯದಿದ್ದರೂ ಲೆಕ್ಕಪತ್ರ ಕೊಡಲೇಬೇಕು. ಒಂದು ದಿನ ತಡವಾದರೂ 150 ಪೌಂಡ್ ದಂಡ, ಆರು ತಿಂಗಳು ಮೀರಿದರೆ 1,500. ವಹಿವಾಟು 90,000 ಪೌಂಡ್ ಮೀರುವವರೆಗೆ ವ್ಯಾಟ್‌ನ ಗೊಡವೆ ಬೇಡ.

ಕಂಪನಿಗೆ ಬೇರೆಯೇ ಬ್ಯಾಂಕ್ ಖಾತೆ ಬೇಕು. ಹೊಸದಾಗಿ ಬಂದವರಿಗೆ ಹಳೆಯ ಬ್ಯಾಂಕುಗಳು ವಾರಗಟ್ಟಲೆ ಕಾಯಿಸುವುದುಂಟು, ಆಪ್ ಆಧಾರಿತ ಬ್ಯಾಂಕುಗಳು ಬೇಗ. ಮನೆ ಕರಾರು ಮತ್ತು ಡಿಜಿಟಲ್ ವೀಸಾದ ಶೇರ್ ಕೋಡ್ (ನಿಮ್ಮ ವೀಸಾವನ್ನು ಬೇರೆಯವರು ಪರಿಶೀಲಿಸಲು ಕೊಡುವ ಸಂಕೇತ) ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ.

ಊರಿನ ಕಡೆಯ ಕಾಗದ

ಮೈಸೂರಿನಲ್ಲಿ ಕುಳಿತೇ, ಹೊರಡುವ ಮೊದಲೇ ಕಂಪನಿ ನೋಂದಾಯಿಸಿಬಿಡಲು ಕೆಲವರಿಗೆ ಆತುರ. ಬೇಡ. ಭಾರತದ ನಿವಾಸಿಯಾಗಿರುವಾಗ ವಿದೇಶಿ ಕಂಪನಿಯ ಷೇರು ಕೊಂಡರೆ ಅದು 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳಡಿ ಬರುತ್ತದೆ; ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ನಮೂನೆ, ವಿಶಿಷ್ಟ ಸಂಖ್ಯೆ, ಆಮೇಲೆ ವಾರ್ಷಿಕ ವರದಿಯ ಜವಾಬ್ದಾರಿ. ಒಂದು ಪೌಂಡಿನ ಷೇರಿಗೂ ಇದು ತಪ್ಪಿದ್ದಲ್ಲ. ಉದ್ಯೋಗ ಅಥವಾ ವ್ಯಾಪಾರಕ್ಕೆಂದು ದೇಶ ಬಿಟ್ಟ ಮೇಲೆ ವಿದೇಶಿ ವಿನಿಮಯ ಕಾನೂನಿನ ಕಣ್ಣಲ್ಲಿ ನೀವು ಅನಿವಾಸಿ, ಆಗ ಅಲ್ಲಿನ ದುಡಿಮೆಯಿಂದ ಅಲ್ಲಿ ಮಾಡಿದ ಆಸ್ತಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಇಳಿದ ಮೇಲೆ ನೋಂದಾಯಿಸಿದರೆ ಈ ಗಂಟು ಕಟ್ಟಿಕೊಳ್ಳಬೇಕಿಲ್ಲ.

ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆ, ಅನಿವಾಸಿಗಳು ಭಾರತದ ಆದಾಯ ಇಡುವ ಎನ್‌ಆರ್‌ಒ ಖಾತೆಯಾಗಬೇಕು. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಅಪ್ಪನ ಹೆಸರಿನ ಜಂಟಿ ಖಾತೆಯನ್ನು ಹಾಗೇ ಬಿಟ್ಟು ಹೋಗುವವರೇ ಹೆಚ್ಚು, ಹೊರಡುವ ವಾರ ಬ್ಯಾಂಕಿಗೆ ಹೋಗಿ ಬನ್ನಿ. ಆದಾಯ ತೆರಿಗೆಗೆ ಲೆಕ್ಕ ಬೇರೆ: ಆರ್ಥಿಕ ವರ್ಷದಲ್ಲಿ ನೀವು ಭಾರತದಲ್ಲಿದ್ದ ದಿನಗಳು ಮುಖ್ಯ. ಉದ್ಯೋಗಕ್ಕೆಂದು ಹೊರಟ ವರ್ಷ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಆ ವರ್ಷದ ವಿದೇಶಿ ಗಳಿಕೆಗೆ ಇಲ್ಲಿ ತೆರಿಗೆ ಬರುವುದಿಲ್ಲ. ಆಗಸ್ಟ್‌ನಲ್ಲಿ ಹೊರಡುವವರಿಗೂ ದಸರಾ, ದೀಪಾವಳಿ ಮುಗಿಸಿಕೊಂಡು ಹೊರಡುವವರಿಗೂ ಇದರಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನ ಎಣಿಸಿ.

ಮುಚ್ಚುವ ದಿನ

ಈ ವೀಸಾ ವಿಸ್ತರಣೆಯಾಗುವುದಿಲ್ಲ. ಕೆಲಸ ಕೊಡುವವರು ಪ್ರಾಯೋಜಿಸಿದರೆ ‘ಸ್ಕಿಲ್ಡ್ ವರ್ಕರ್’ ವೀಸಾಗೆ ಬದಲಾಗಬಹುದು. ‘ಇನ್ನೋವೇಟರ್ ಫೌಂಡರ್’ ಎಂಬ ಉದ್ಯಮಿಗಳ ವೀಸಾ ಇದೆ, ಆದರೆ ಅದಕ್ಕೆ ಹೊಸತನವಿರುವ, ಬೆಳೆಯಬಲ್ಲ ಯೋಜನೆಯೆಂದು ಅಧಿಕೃತ ಸಂಸ್ಥೆಯೊಂದು ಅನುಮೋದಿಸಬೇಕು. ಯೋಗ ತರಗತಿಗೋ ಜಾಲತಾಣ ವಿನ್ಯಾಸಕ್ಕೋ ಅದು ಸಿಗುತ್ತದೆಂದು ನಂಬಿ ಕೂರಬೇಡಿ.

ಕಂಪನಿಯನ್ನು ಉಳಿಸಿಕೊಳ್ಳುವುದು ಸಾಧ್ಯ. ಬ್ರಿಟನ್ನಿನ ಕಂಪನಿಗೆ ನಿರ್ದೇಶಕರಾಗಲು ಅಲ್ಲೇ ವಾಸವಿರಬೇಕೆಂಬ ನಿಯಮವಿಲ್ಲ. ಮೈಸೂರಿನಲ್ಲಿ ಕುಳಿತು ಲಂಡನ್ನಿನ ಗಿರಾಕಿಗೆ ಸಾಫ್ಟ್‌ವೇರ್ ಬರೆಯಬಹುದು; ಅಲ್ಲಿನ ವಿಳಾಸ, ಲೆಕ್ಕಿಗರು, ವಾರ್ಷಿಕ ಸಲ್ಲಿಕೆಗಳು ಮುಂದುವರಿಯಬೇಕು.

ಮುಚ್ಚುವುದಾದರೆ ಲೆಕ್ಕ ಹೀಗೆ. ಕಂಪನೀಸ್ ಹೌಸ್‌ನ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿ ಹಾಕಲು ಕಂಪನಿ ಅದಕ್ಕೂ ಹಿಂದಿನ 3 ತಿಂಗಳು ವ್ಯಾಪಾರ ಮಾಡಿರಬಾರದು. ಅರ್ಜಿಯ ನಂತರ ಗೆಜೆಟ್‌ನಲ್ಲಿ ಪ್ರಕಟಣೆ ಬಂದು ಆಕ್ಷೇಪಣೆಗೆ 2 ತಿಂಗಳು. ಅಲ್ಲಿಗೆ ಐದಾರು ತಿಂಗಳಾಯಿತು. ಎಲ್ಲ ಮುಗಿಸಿಯೇ ವಿಮಾನ ಹತ್ತಬೇಕೆಂದರೆ 18ನೇ ತಿಂಗಳಿಗೆ ಕೊನೆಯ ಬಿಲ್ ಕಳಿಸಿರಬೇಕು. ಮುಂಗಡ ಹಣ ಪಡೆದ ಗಿರಾಕಿಗಳಿಗೆ ಆ ದಿನವನ್ನು ಮೊದಲೇ ತಿಳಿಸಿ. ಕಂಪನಿ ಕರಗುವ ಮೊದಲು ತೆರಿಗೆ ಕಟ್ಟಿ, ಖಾತೆಯ ಹಣವನ್ನೆಲ್ಲ ಹೊರತೆಗೆದು ಮುಚ್ಚಿ. ಒಳಗೆ ಉಳಿದ ಪ್ರತಿ ಪೌಂಡೂ ಬ್ರಿಟನ್ ರಾಜಪ್ರಭುತ್ವದ ಪಾಲಾಗುತ್ತದೆ. ಸೋಲ್ ಟ್ರೇಡರ್‌ಗಳಿಗೆ ಈ ಪಾಡಿಲ್ಲ: ವ್ಯಾಪಾರ ನಿಲ್ಲಿಸಿದ್ದನ್ನು ಎಚ್‌ಎಂಆರ್‌ಸಿಗೆ ತಿಳಿಸಿ, ಕೊನೆಯ ರಿಟರ್ನ್ ಸಲ್ಲಿಸಿದರೆ ಸಾಕು.

ಊರಿಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ, ಬಹಳ ಮಂದಿ ಬಿಡುವುದೂ ಅದನ್ನೇ. ಎರಡೇ ವರ್ಷ ಹೊರಗಿದ್ದವರು ಮರಳಿದ ಬಳಿಕ ಇಡೀ ವರ್ಷ ಇಲ್ಲಿದ್ದರೆ ಸಾಮಾನ್ಯವಾಗಿ ಪೂರ್ಣ ನಿವಾಸಿಗಳೇ ಆಗುತ್ತಾರೆ. ಆಗ ತೆರೆದೇ ಇರುವ ಬ್ರಿಟನ್ನಿನ ಬ್ಯಾಂಕ್ ಖಾತೆ, ಕಂಪನಿಯ ಒಂದು ಪೌಂಡಿನ ಷೇರು, ಎರಡನ್ನೂ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಅನುಸೂಚಿಯಲ್ಲಿ ತೋರಿಸಬೇಕು. ಸಂಬಳದವರು ವಾಡಿಕೆಯಾಗಿ ತುಂಬುವ ಐಟಿಆರ್–1ರಲ್ಲಿ ಆ ಅನುಸೂಚಿಯೇ ಇಲ್ಲ, ಐಟಿಆರ್–2 ಅಥವಾ 3 ತುಂಬಬೇಕು. ಅದಕ್ಕಾಗಿ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿ ನೋಂದಣಿ ಪತ್ರ, ಕೊನೆಯ ಲೆಕ್ಕಪತ್ರ, ತೆರಿಗೆ ಕಟ್ಟಿದ ರಸೀದಿಗಳನ್ನು ಅಲ್ಲಿನ ಇಮೇಲ್, ಫೋನ್ ಸಂಖ್ಯೆ ನಿಂತುಹೋಗುವ ಮೊದಲೇ ಇಳಿಸಿಕೊಂಡು ಬನ್ನಿ.